ಏಳು ಕೆಲಸದ ಮಣೆ, ಅಮ್ಮನ ಒಂದು ಪ್ರಶ್ನೆ

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ತುಮಕೂರಿನ ಒಂದು ವರ್ಕ್‌ಶಾಪಿನಲ್ಲಿದ್ದೇನೆ. ಬಿಡುವಾದಾಗೆಲ್ಲ ಹೊಸ ವಸ್ತುಗಳ ಡಿಸೈನ್ ಮಾಡುವ ಹುಚ್ಚು. ಒಂದೇ ಹಿಡಿಯಲ್ಲಿ ಹಲವು ಉಪಕರಣ ಮಡಚಿಟ್ಟಿರುವ ಸ್ವಿಸ್ ಚಾಕು ಎಂದರೆ ನನಗೆ ಬಹಳ ಮೆಚ್ಚು. ನಮ್ಮ ಈಳಿಗೆ ಮಣೆಯನ್ನೇ ಈ ಕಾಲಕ್ಕೆ ತಕ್ಕಂತೆ ಮಾರ್ಪಡಿಸಿ ಒಂದರಲ್ಲೇ ಏಳು ಕೆಲಸ ಆಗುವಂತೆ ಮಾಡಿದ್ದೇನೆ: ಕೂರುವ ಮಣೆ, ಮಡಚುವ ಅಲಗು, ಕಾಯಿ ತುರಿಯುವ ಹಲ್ಲು, ಹೆಚ್ಚಿದ ತರಕಾರಿಗೆ ಒಂದು ಡ್ರಾಯರ್, ಸಿಪ್ಪೆಗೆ ಇನ್ನೊಂದು, ಮೊಬೈಲ್ ನಿಲ್ಲಿಸುವ ಸ್ಟ್ಯಾಂಡ್, ಚಾರ್ಜ್ ಮಾಡುವ ಎಲ್‌ಇಡಿ ದೀಪ. ಅಲಗು 304 ದರ್ಜೆಯ ಸ್ಟೀಲಿನದು, ಮೈ ಪ್ಲೈವುಡ್ಡಿನದು. ಕಂಪ್ಯೂಟರಿನಲ್ಲಿ ತೆಗೆದ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದಾಗ ತುಂಬ ಮೆಚ್ಚುಗೆ ಬಂತು. ಆದರೆ ಮಾದರಿ ಮಾಡಿ ಮನೆಗೆ ಕೊಟ್ಟರೆ ಅಮ್ಮ ಎರಡೇ ದಿನ ಬಳಸಿದರು. ‘ಇದನ್ನ ತೊಳೆಯೋದು ಹೆಂಗಪ್ಪಾ?’ ಅಂದರು. ಈಗ ಒಂದು ಡ್ರಾಯರನ್ನು ಮಾತ್ರ ಎಳೆದುಕೊಂಡು ಬೆಳ್ಳುಳ್ಳಿ ಹಾಕಿಟ್ಟಿದ್ದಾರೆ, ಮಿಕ್ಕದ್ದು ಮೂಲೆ ಸೇರಿದೆ. ಒಂದು ವಸ್ತುವಿನಲ್ಲಿ ಎಷ್ಟು ಕೆಲಸ ಸೇರಿಸಬಹುದು? ಬರೀ ಕಾನ್ಸೆಪ್ಟ್ ಡಿಸೈನ್‌ಗೆ ಬೆಲೆ ಇದೆಯೇ? ಇದಕ್ಕೆ ಪೇಟೆಂಟ್ ಸಿಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾತು ನಿಮ್ಮ ತಾಯಿಯವರದು. ಚಿತ್ರಗಳನ್ನು ನೋಡಿದಾಗ ನನ್ನ ಕಣ್ಣು ಮೊದಲು ಹೋದದ್ದು ಅಲಗು ಮಡಚುವ ಕೀಲಿನ ಕಡೆಗೆ. ಅಚ್ಚುಕಟ್ಟಾದ ಕೆಲಸ ಅದು. ಅವರ ಕಣ್ಣು ಹೋದದ್ದು ಆ ಕೀಲಿನ ಸಂದಿಗೆ, ಡ್ರಾಯರ್ ಜಾರುವ ಹಳಿಗೆ. ಕಾಯಿತುರಿಯ ಹಾಲು, ಟೊಮೆಟೊ ರಸ, ಕುಂಬಳದ ಬೀಜ ಹೋಗಿ ಕೂರುವುದು ಅಲ್ಲೇ. ದಿನಕ್ಕೆ ಎರಡು ಹೊತ್ತು ಅಡುಗೆ ಮಾಡುವವರಿಗೆ ಹೆಚ್ಚುವುದು ಹತ್ತು ನಿಮಿಷದ ಕೆಲಸ, ಆ ಸಂದಿಯನ್ನು ತಿಕ್ಕುವುದು ಇನ್ನೊಂದು ಹತ್ತು ನಿಮಿಷ. ಆದ್ದರಿಂದ ನನ್ನ ಉತ್ತರವನ್ನೂ ಆ ಸಂದಿಯಿಂದಲೇ ಶುರುಮಾಡುತ್ತೇನೆ.

ಎಷ್ಟು ಕೆಲಸ ಸೇರಿಸಬಹುದು ಎನ್ನುವುದಕ್ಕೆ ಇಷ್ಟೇ ಎಂದು ಸಂಖ್ಯೆ ಕೊಡಲು ಬರುವುದಿಲ್ಲ. ಒಂದು ಮನೆಯಲ್ಲಿ ಎಷ್ಟು ಜನ ಇರಬಹುದು ಎಂದು ಕೇಳಿದ ಹಾಗೆ ಅದು. ಹೊಂದಿಕೊಂಡರೆ ಹದಿನೈದು ಜನ ಇರುತ್ತಾರೆ, ಹೊಂದದಿದ್ದರೆ ಇಬ್ಬರೂ ಇರಲಾರರು. ನಾನು ನೋಡುವುದು ನಾಲ್ಕು ಹೊಂದಾಣಿಕೆಯನ್ನು: ಆ ಕೆಲಸಗಳಿಗೆ ಮೈಯ ಭಂಗಿ ಒಂದೇ ಆಗಿದೆಯೇ, ಅವು ಮಾಡುವ ಹೊತ್ತು ಒಂದಕ್ಕೊಂದು ಅಡ್ಡ ಬರುತ್ತದೆಯೇ, ತೊಳೆಯುವ ರೀತಿ ಒಂದೇ ಆಗಿದೆಯೇ, ಆಯಸ್ಸು ಒಂದೇ ಆಗಿದೆಯೇ.

ಹಳೇ ಈಳಿಗೆ ಮಣೆಯನ್ನು ಈ ನಾಲ್ಕರಲ್ಲಿ ಇಟ್ಟು ನೋಡಿ. ಅದನ್ನು ನೀವು ಹುಟ್ಟಿದಾಗಿನಿಂದ ಕಂಡಿದ್ದೀರಿ, ಆದ್ದರಿಂದಲೇ ಒಮ್ಮೆ ಹೊಸಬರಂತೆ ನೋಡಬೇಕು. ಚಾಕು ಹಿಡಿದರೆ ಒಂದು ಕೈ ಚಾಕುವಿಗೇ ಮೀಸಲು. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಚಲಿಸುತ್ತದೆ. ಹಲಗೆಯ ಮೇಲೆ ಕೂತವರ ಮೈಭಾರವೇ ಅಲಗನ್ನು ಹಿಡಿದಿಡುತ್ತದೆ. ಹಾಗಾಗಿ ಎರಡು ಕೈಯೂ ಬಿಡುವು. ದೊಡ್ಡ ಕುಂಬಳಕಾಯಿಯನ್ನೂ ಹಿಡಿಯಷ್ಟು ಹುರುಳಿಕಾಯಿಯನ್ನೂ ಒಂದೇ ಅಲಗು ಸಂಭಾಳಿಸುವುದು ಇದರಿಂದ. ಈಗ ಕಾಯಿ ತುರಿಯುವುದಕ್ಕೆ ಏನು ಬೇಕು? ಹೋಳನ್ನು ಎರಡು ಕೈಯಲ್ಲಿ ಹಿಡಿಯಬೇಕು, ಹಲ್ಲು ಅಲುಗಾಡದೆ ನಿಲ್ಲಬೇಕು, ಮೈಭಾರ ಅದರ ಮೇಲಿರಬೇಕು. ಹೆಚ್ಚುವುದಕ್ಕೆ ಬೇಕಾದ ಏರ್ಪಾಡೇ ಇಲ್ಲೂ ಬೇಕು! ಹೆಚ್ಚುವಾಗ ಅಲಗಿನ ತುದಿ ಖಾಲಿ ಇರುತ್ತದೆ, ಅಲ್ಲಿಗೆ ಹಲ್ಲು ಬಂದು ಕೂತಿತು. ಹುರುಳಿಕಾಯಿ ಹೆಚ್ಚಿದ ಮೇಲೆ ಪಲ್ಯಕ್ಕೆ ಕಾಯಿ ತುರಿಯಬೇಕು, ಎದ್ದು ಹೋಗಬೇಕಿಲ್ಲ. ಎರಡೂ ಕಬ್ಬಿಣ, ಎರಡಕ್ಕೂ ಒಂದೇ ಚೊಂಬು ನೀರು ಸಾಕು. ಸವೆದರೆ ಎರಡೂ ಒಂದೇ ಲೆಕ್ಕದಲ್ಲಿ ಸವೆಯುತ್ತವೆ, ಕುಲುಮೆಗೆ ಒಯ್ದು ತಟ್ಟಿಸಿಕೊಂಡು ಬರಬಹುದು.

ಇನ್ನೊಂದು ಸೂಕ್ಷ್ಮ ಇದೆ, ಅದನ್ನು ನೀವು ದಾಟಿ ಹೋಗಿದ್ದೀರಿ. ಈಳಿಗೆ ಮಣೆಯಲ್ಲಿ ಡ್ರಾಯರ್ ಇಲ್ಲ, ಕೆಳಗೆ ಒಂದು ತಟ್ಟೆ ಇದೆ. ಆ ತಟ್ಟೆ ಮಣೆಗೆ ಅಂಟಿಕೊಂಡಿಲ್ಲ. ತುಂಬಿದರೆ ಎತ್ತಿ ಒಲೆಯ ಹತ್ತಿರ ಇಡಬಹುದು, ಇನ್ನೊಂದನ್ನು ಎಳೆದುಕೊಳ್ಳಬಹುದು, ಮೂರು ಜನಕ್ಕಾದರೆ ಚಿಕ್ಕದು, ಮದುವೆ ಮನೆಗಾದರೆ ಹರಿವಾಣ. ಅದನ್ನು ನೀವು ಮಣೆಯೊಳಗೆ ಸೇರಿಸಿದಾಗ ಅದು ತನ್ನ ಸ್ವಾತಂತ್ರ್ಯ ಕಳೆದುಕೊಂಡಿತು. ತಟ್ಟೆ ಎತ್ತುವ ಜಾಗದಲ್ಲಿ ಈಗ ಕೂತವರೇ ಏಳಬೇಕು, ಯಾಕೆಂದರೆ ಡ್ರಾಯರ್ ಅವರ ಅಡಿಯಲ್ಲಿದೆ.

ಹಾಗಾದರೆ ಇಷ್ಟು ಜಾಣ ವಸ್ತು ಮನೆಗಳಿಂದ ಏಕೆ ಮರೆಯಾಯಿತು? ಅಡುಗೆ ಮನೆ ಎದ್ದು ನಿಂತಿತು. ಕಟ್ಟೆ ಬಂತು, ಗ್ಯಾಸ್ ಒಲೆ ಬಂತು, ಸಿಂಕು ಬಂತು; ನಿಂತು ಬೇಯಿಸುವವರು ಹೆಚ್ಚುವುದಕ್ಕೆ ಮಾತ್ರ ನೆಲಕ್ಕೆ ಕೂರುವುದಿಲ್ಲ. ಮೈಭಾರದ ಮೇಲೆ ನಿಂತಿದ್ದ ವಸ್ತುವಿಗೆ ಮೈಭಾರವೇ ಇಲ್ಲವಾಯಿತು. ಆಗ ಅದರ ಎರಡು ಕೆಲಸಗಳೂ ಬೇರೆ ಬೇರೆಯಾದವು: ಹೆಚ್ಚುವುದು ಚಾಕುವಿಗೆ, ತುರಿಯುವುದು ಕಟ್ಟೆಗೆ ಕಚ್ಚಿಸುವ ತಿರುಗಿಸೋ ತುರಿಮಣೆಗೆ. ನಿಮ್ಮ ಮನೆಯಲ್ಲಿ ಅಮ್ಮ ನಿಂತು ಅಡುಗೆ ಮಾಡುತ್ತಾರೋ ಕೂತೋ ಎಂದು ನೀವು ಬರೆದಿಲ್ಲ. ಡಿಸೈನ್ ಶುರುಮಾಡುವ ಮೊದಲು ನೋಡಬೇಕಾಗಿದ್ದದ್ದು ಅದನ್ನೇ. ಅವರು ನಿಂತು ಮಾಡುವವರಾದರೆ, ಏಳರಲ್ಲಿ ಯಾವುದನ್ನು ಎಷ್ಟು ತಿದ್ದಿದರೂ ಈ ಮಣೆ ಮೂಲೆಗೇ ಹೋಗುತ್ತಿತ್ತು.

ಭಂಗಿ, ತೊಳೆತ ಹೇಳಿದೆ. ಆಯಸ್ಸಿನ ಮಾತು ನಿಮ್ಮ ದೀಪಕ್ಕೆ ಸಂಬಂಧಿಸಿದ್ದು. ಹಲಸಿನ ಹಲಗೆ ಎರಡು ತಲೆಮಾರು ಬರುತ್ತದೆ, ಒಳ್ಳೆಯ ಅಲಗು ಇಪ್ಪತ್ತು ವರ್ಷ. ಚಾರ್ಜ್ ಬ್ಯಾಟರಿ ಕೆಲವೇ ವರ್ಷಕ್ಕೆ ಸೋಲುತ್ತದೆ. ಮೊಬೈಲಿನ ಅಳತೆ ಅದಕ್ಕಿಂತ ಬೇಗ ಬದಲಾಗುತ್ತದೆ. ಬ್ಯಾಟರಿ ಸತ್ತ ದಿನ ಆ ಮಣೆ ‘ಕೆಟ್ಟುಹೋದ ಮಣೆ’ ಆಗುತ್ತದೆ, ಅಲಗು ಇನ್ನೂ ಹರಿತವಾಗಿದ್ದರೂ. ಬಾಳಿಕೆ ಕಡಿಮೆ ಇರುವ ಭಾಗವನ್ನು ಬಾಳುವ ಭಾಗಕ್ಕೆ ತಿರುಪು ಹಾಕಿ ಬಿಗಿದರೆ ಇಡೀ ವಸ್ತುವಿನ ಆಯಸ್ಸು ಅಲ್ಪಾಯುವಿನದೇ ಆಗುತ್ತದೆ. ದೀಪ ಮತ್ತು ಸ್ಟ್ಯಾಂಡನ್ನು ಇವತ್ತೇ ತೆಗೆದುಬಿಡಿ.

ಸಾಮಗ್ರಿಯ ಬಗ್ಗೆಯೂ ಎರಡು ಮಾತು. 304 ಸ್ಟೀಲು ಪಾತ್ರೆಗೆ ಒಳ್ಳೆಯದು, ತುಕ್ಕು ಹಿಡಿಯುವುದಿಲ್ಲ. ಆದರೆ ಅದನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಲು ಆಗುವುದಿಲ್ಲ, ಹಾಗಾಗಿ ಅಲಗಿನ ಬಾಯಿ ಬೇಗ ಮೊಂಡಾಗುತ್ತದೆ. ಚಾಕು ಮಾಡುವವರು 420ರಂಥ, ಹದ ಕೊಡಬಹುದಾದ ಸ್ಟೀಲನ್ನು ಆರಿಸುವುದು ಅದಕ್ಕೇ. ಪ್ಲೈವುಡ್ಡು ನೀರು ಕುಡಿದು ಅಂಚಿನಲ್ಲಿ ಬಿರಿಯುತ್ತದೆ. ದಿನಾ ತೊಳೆಯುವ ವಸ್ತುವಿಗೆ ಅದು ಬೇಡ. ನಿಮ್ಮ ಕಡೆ ಹಲಸಿಗೆ, ಬೇವಿಗೆ ಬರವೇ?

ಇನ್ನು ‘ಹೊತ್ತು’ ಎಂದೆನಲ್ಲ, ಅದನ್ನು ನಾನು ಕಲಿತದ್ದು ಒಂದು ಸೋಲಿನಿಂದ. ನಾನು ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆಯಲ್ಲಿ ಬೆಳೆದವನು. ಓದು ಮುಗಿಸಿ ಬಂದ ಹೊಸದರಲ್ಲಿ, ಹುಳು ಸಾಕುವ ತಟ್ಟೆಗಳ ಸ್ಟ್ಯಾಂಡನ್ನೇ ಬಿಚ್ಚಿ ಹಾಸಿದರೆ ಎರಡು ಮಂಚ ಆಗುವಂತೆ ಮಾಡಿದ್ದೆ. ಚಿಕ್ಕ ಮನೆ, ಜಾಗ ಉಳಿಯುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪಿದ್ದು ಎಲ್ಲಿ ಗೊತ್ತೇ? ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಹುಳು ರಾತ್ರಿ ಹಗಲು ತಿನ್ನುತ್ತದೆ; ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಆ ಒಂದು ವಾರದಲ್ಲೇ ಹೋಗುತ್ತದೆ. ಮನೆಯವರು ಸೊಪ್ಪು ಕೊಯ್ದು, ಹೊತ್ತು, ಹಾಕಿ, ಮೈ ಮುರಿದು ಬಿದ್ದಿರುತ್ತಾರೆ. ಅವರಿಗೆ ಮಂಚ ಬೇಕಾದದ್ದು ಆ ವಾರದಲ್ಲಿ. ಆ ವಾರವೇ ನಾನು ಮಂಚವನ್ನು ಹುಳುವಿಗೆ ಕೊಟ್ಟಿದ್ದೆ. ನಮ್ಮಜ್ಜಿ ನೆಲದ ಮೇಲೆ ಚಾಪೆ ಹಾಕಿ ಮಲಗಿ, ಏನೂ ಅನ್ನಲಿಲ್ಲ. ಆ ರಾತ್ರಿ ನನಗೆ ಅರ್ಥವಾಯಿತು: ಎರಡು ಕೆಲಸಗಳು ಒಂದು ವಸ್ತುವನ್ನು ಹಂಚಿಕೊಳ್ಳಬೇಕಾದರೆ ಒಂದು ಮಲಗಿದ್ದಾಗ ಇನ್ನೊಂದು ಎದ್ದಿರಬೇಕು.

ಅದೇ ಮನೆಯಲ್ಲಿ ಸರಿಯಾದ ಉದಾಹರಣೆಯೂ ಇತ್ತು, ಚಂದ್ರಂಕಿ. ಕೆಲವರು ಚಂದ್ರಿಕೆ ಅನ್ನುತ್ತಾರೆ. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರ ತಟ್ಟಿ, ಅದರ ಮೇಲೆ ಸುರುಳಿ ಸುತ್ತಿ ನಿಲ್ಲಿಸಿದ ಬಿದಿರ ಪಟ್ಟಿ. ಹಣ್ಣಾದ ಹುಳು ಅದರ ಓಣಿಗಳಲ್ಲಿ ಗೂಡು ಕಟ್ಟುತ್ತದೆ, ಐದಾರು ದಿನಕ್ಕೆ ಗೂಡು ಬಿಡಿಸುತ್ತಾರೆ. ತಿಂಗಳಿನ ಉಳಿದ ದಿನ ಅದಕ್ಕೆ ಕೆಲಸವಿಲ್ಲ, ಗೋಡೆಗೆ ಒರಗಿ ನಿಂತಿರುತ್ತದೆ. ಇಷ್ಟು ಬಿಡುವಿದ್ದರೂ ನಮ್ಮಜ್ಜಿ ಅದರ ಮೇಲೆ ಸಂಡಿಗೆ ಒಣಗಿಸಲು ಬಿಡುತ್ತಿರಲಿಲ್ಲ. ಅದಕ್ಕೆ ಔಷಧಿ ಹೊಡೆದಿರುತ್ತದೆ, ಅದು ಹೊಟ್ಟೆಗೆ ಆಗದು. ಮನೆಯ ಮೆಣಸಿನಕಾಯಿ ಘಾಟು, ಎಣ್ಣೆ ಜಿಡ್ಡು ಅದಕ್ಕೆ ತಗುಲಿದರೆ ಹುಳುವಿಗೆ ಆಗದು. ಹೊತ್ತು ಹೊಂದಿದರೂ ತೊಳೆತ ಹೊಂದಲಿಲ್ಲ. ಆದರೆ ಪಟ್ಟಿ ಮುರಿದು ಹಳತಾದ ಮೇಲೆ ಅದೇ ಚಂದ್ರಂಕಿ ಕೋಳಿ ಗೂಡಿನ ಬಾಗಿಲಾಯಿತು, ಬಚ್ಚಲಿಗೆ ಮರೆಯಾಯಿತು, ಬೇಸಗೆಯಲ್ಲಿ ಕರುವಿಗೆ ನೆರಳಾಯಿತು, ಕೊನೆಗೆ ಒಲೆಗೆ ಹೋಯಿತು. ಅದರ ಬಹುಪಯೋಗ ಒಂದೇ ದಿನದಲ್ಲಿರಲಿಲ್ಲ, ಒಂದು ಆಯಸ್ಸಿನ ಉದ್ದಕ್ಕೂ ಹರಡಿಕೊಂಡಿತ್ತು. ಈಗ ಬಂದಿರುವ ಪ್ಲಾಸ್ಟಿಕ್ ನೇತ್ರಿಕೆ ಅದನ್ನೆಲ್ಲ ಮಾಡುವುದಿಲ್ಲ. ಅದು ಮಡಚಿದರೆ ಒಂದು ಕೈ ಅಗಲದ ಕಟ್ಟಾಗುತ್ತದೆ, ತೊಳೆದರೆ ಚೊಕ್ಕವಾಗುತ್ತದೆ, ಒಂದೇ ಕೆಲಸ ಮಾಡುತ್ತದೆ. ಚಿಕ್ಕ ಮನೆಗೆ ಅದೂ ಒಳ್ಳೆಯ ಡಿಸೈನೇ. ಜಾಗ ಉಳಿಸಲು ಹತ್ತು ಕೆಲಸ ತುಂಬಬೇಕೆಂದಿಲ್ಲ. ಕೆಲಸ ಮುಗಿದ ಮೇಲೆ ಜಾಗ ಬಿಟ್ಟುಕೊಟ್ಟರೂ ಆಯಿತು.

ನಮ್ಮ ದೇಶದಲ್ಲಿ ಡಿಸೈನ್ ಶಿಕ್ಷಣ ಶುರುವಾಗುವ ಮೊದಲೇ ಈ ಮಾತನ್ನು ಹೊರಗಿನಿಂದ ಬಂದ ಇಬ್ಬರು ಹಿಡಿದಿದ್ದರು. ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ಭಾರತ ಸರ್ಕಾರ ಕರೆಸಿತ್ತು. 1958ರಲ್ಲಿ ಅವರು ಕೊಟ್ಟ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಇಡೀ ದೇಶ ಸುತ್ತಿ ಅವರು ಅತಿ ಶ್ರೇಷ್ಠ ಎಂದು ಮೆಚ್ಚಿ ಬರೆದದ್ದು ನಮ್ಮ ಚೊಂಬನ್ನು. ಮೆಚ್ಚಿ ಸುಮ್ಮನಾಗಲಿಲ್ಲ, ಚೊಂಬನ್ನು ಹೊಸದಾಗಿ ಡಿಸೈನ್ ಮಾಡಬೇಕಾದರೆ ಏನೇನು ಯೋಚಿಸಬೇಕಾದೀತು ಎಂದು ಪಟ್ಟಿ ಮಾಡಿದರು. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದ ಮೇಲೋ ಕೈಯಲ್ಲೋ ಹೊರುವುದು, ತುಂಬಿದಾಗ ಖಾಲಿಯಾದಾಗ ಬಗ್ಗಿಸಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಹಿಡಿಯುವ ಕೈ ಎಷ್ಟು ದೊಡ್ಡದು, ಕಲ್ಲಿನ ಮೇಲಿಟ್ಟರೆ ಎಂಥ ಸದ್ದು ಬರುತ್ತದೆ, ಹಳತಾದ ಮೇಲೆ ಲೋಹಕ್ಕೆ ಏನು ಬೆಲೆ, ಒಬ್ಬರಿಗೆ ಕೊಡುವಾಗ ಹೇಗನಿಸುತ್ತದೆ. ಆ ಪಟ್ಟಿಯಲ್ಲಿ ಬಾಯಿಯ ಅಗಲ ಮತ್ತು ಒಳಗಿನ ತಿರುವು ತೊಳೆಯಲು ಹೇಗಿರಬೇಕು ಎಂಬುದೂ ಇದೆ. ನಿಮ್ಮ ಅಮ್ಮ ಕೇಳಿದ್ದು ಅದನ್ನೇ! ಒಬ್ಬನೇ ಮನುಷ್ಯ ಇದನ್ನು ಡಿಸೈನ್ ಮಾಡಿರಲು ಸಾಧ್ಯವಿಲ್ಲ, ತಲೆಮಾರುಗಳು ತಿದ್ದಿದ ವಸ್ತು ಇದು ಎಂಬುದು ಅವರ ತೀರ್ಮಾನ.

ಚೊಂಬಿಗೆ ಎಷ್ಟು ಕೆಲಸ ಎಂದು ಎಣಿಸಿ ನೋಡಿ. ನೀರು ಕುಡಿಯಲು, ಕೈ ತೊಳೆಯಲು, ಹಾಲು ತರಲು, ಹಗ್ಗ ಕಟ್ಟಿ ಬಾವಿಗೆ ಬಿಡಲು, ಪೂಜೆಗೆ ಕಳಸ ಇಡಲು. ಇಸ್ತ್ರಿಪೆಟ್ಟಿಗೆ ಇಲ್ಲದ ಕಾಲದಲ್ಲಿ ಕೆಂಡ ತುಂಬಿ ಬಟ್ಟೆ ತೀಡುತ್ತಿದ್ದರು. ಇಷ್ಟಾದರೂ ಅದರಲ್ಲಿ ಒಂದು ಕೀಲಿಲ್ಲ, ಒಂದು ಗುಂಡಿಯಿಲ್ಲ. ಕಂಬಳಿಯೂ ಹಾಗೇ. ಶಿರಾ, ಪಾವಗಡದ ಕಡೆ ಕುರಿ ಕಾಯುವವರ ಹೆಗಲ ಮೇಲೆ ನೋಡಿ: ಚಳಿಗೆ ಹೊದಿಕೆ, ಮಲಗಲು ಹಾಸು, ಮಳೆಗೆ ತಲೆ ಬೆನ್ನು ಮುಚ್ಚುವ ಕೊಪ್ಪೆ, ಹಿರಿಯರು ಕೂತರೆ ಗದ್ದುಗೆ. ಕೊಪ್ಪೆ ಎನ್ನುವುದು ಕಂಬಳಿಯಲ್ಲಿ ಹೊಲಿದಿಟ್ಟ ವಸ್ತುವಲ್ಲ, ಮಡಿಸುವ ಒಂದು ರೀತಿ, ಅಷ್ಟೆ. ಆ ರೀತಿ ಜನರ ಕೈಯಲ್ಲಿದ್ದದ್ದರಿಂದಲೇ, ಯೂರಿಯಾ ಚೀಲ ಊರಿಗೆ ಬಂದಾಗ ಅದರ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಅದನ್ನೂ ಕೊಪ್ಪೆ ಮಾಡಿಕೊಂಡರು. ಬಹುಪಯೋಗ ಕಂಬಳಿಯಿಂದ ಚೀಲಕ್ಕೆ ನಡೆದು ಬಂತು. ನಾಟಿ ಗದ್ದೆಯಲ್ಲಿ ಆ ಬಿಳಿ ಕೊಪ್ಪೆಗಳ ಸಾಲು ಕಂಡಾಗೆಲ್ಲ ನನಗೆ ಮೈ ನವಿರೇಳುತ್ತದೆ.

ಅಂದರೆ ಯಂತ್ರಗಳಲ್ಲಿ ಇದು ಆಗದೆಂದಲ್ಲ. ನಮ್ಮ ಪಕ್ಕದ ಹೊಸೂರಿನಿಂದ 1980ರಲ್ಲಿ ಬಂದ ಟಿವಿಎಸ್ ಮೊಪೆಡ್ಡಿನ ವಂಶದ ಎಕ್ಸ್‌ಎಲ್ ಗಾಡಿಯನ್ನು ಕೋಲಾರದ ಯಾವುದೇ ಹಾಲಿನ ಡೇರಿ ಮುಂದೆ ಬೆಳಗ್ಗೆ ನಿಂತು ನೋಡಿ. ಮುಂದೆ ಕಾಲಿಡುವಲ್ಲಿ ಹಾಲಿನ ಕ್ಯಾನು, ಹಿಂದೆ ಹುಲ್ಲಿನ ಹೊರೆ. ಮಧ್ಯಾಹ್ನ ಟೊಮೆಟೊ ಕ್ರೇಟು, ಸಂಜೆ ಹೆಂಡತಿ ಮಕ್ಕಳು. ಹಾಲಿಗೊಂದು, ಹುಲ್ಲಿಗೊಂದು ಎಂದು ಆ ಗಾಡಿಯಲ್ಲಿ ಏರ್ಪಾಡು ಮಾಡಿಲ್ಲ. ಮುಂದೆ ಚಪ್ಪಟೆ ಜಾಗ ಬಿಟ್ಟಿದ್ದಾರೆ, ಹಿಂದಿನ ಸೀಟು ಬಿಚ್ಚಿಕೊಳ್ಳುವಂತೆ ಮಾಡಿದ್ದಾರೆ. ಉಳಿದದ್ದನ್ನು ರೈತರು ತುಂಬಿಕೊಂಡರು.

ನೀವು ಮೆಚ್ಚಿರುವುದಾಗಿ ಬರೆದಿರುವ ಸ್ವಿಸ್ ಚಾಕುವಿನ ಮಾತಿಗೆ ಬರುತ್ತೇನೆ. ಅದು ಈ ಮಾತಿಗೆ ವಿರುದ್ಧ ಸಾಕ್ಷಿ ಎಂದು ನಿಮಗನಿಸಬಹುದು. 1891ರಲ್ಲಿ ಸ್ವಿಸ್ ಸೈನಿಕರಿಗೆ ಕೊಡಲು ಶುರುಮಾಡಿದ ಚಾಕುವಿನಲ್ಲಿ ಇದ್ದದ್ದು ಅಲಗು, ತೂತು ಕೊರೆಯುವ ಉಳಿ, ಡಬ್ಬಿ ತೆರೆಯುವ ಕೊಕ್ಕೆ, ತಿರುಪುಳಿ. ಏಕೆ ಇವೇ? ಸೈನಿಕ ಡಬ್ಬಿ ಊಟ ತೆರೆಯಬೇಕಿತ್ತು, ಹೊಸದಾಗಿ ಬಂದಿದ್ದ ಬಂದೂಕನ್ನು ಬಿಚ್ಚಿ ಜೋಡಿಸಬೇಕಿತ್ತು. ಒಬ್ಬ ಸೈನಿಕನ ಒಂದು ದಿನವೇ ಆ ಪಟ್ಟಿಯನ್ನು ಬರೆಯಿತು. ಮುಂದೆ 1897ರಲ್ಲಿ, ಆ ಚಾಕು ತಯಾರಿಸುತ್ತಿದ್ದ ಕಾರ್ಲ್ ಎಲ್ಸೆನರ್ ಅಧಿಕಾರಿಗಳ ಚಾಕುವಿಗೆ ಇನ್ನೊಂದು ಸಣ್ಣ ಅಲಗು, ಬಾಟಲಿ ಬಿರಡೆ ತೆಗೆಯುವ ಸುರುಳಿ ಸೇರಿಸಿದಾಗ, ಎರಡೂ ಕಡೆಯ ಉಪಕರಣಗಳನ್ನು ಒಂದೇ ಸ್ಪ್ರಿಂಗ್ ಹಿಡಿದಿಡುವಂತೆ ಮಾಡಿದರು. ಸೇರಿಸಿದ್ದರಿಂದ ದಪ್ಪವಾಗಬೇಕಿದ್ದ ಚಾಕು ಹಗುರಾಗಿಯೇ ಉಳಿಯಿತು. ಆ ಸ್ಪ್ರಿಂಗೇ ಅದರ ಪ್ರಾಣ. ಇನ್ನೊಂದು ಮಾತು, ಆ ಚಾಕುವಿನ ತಿರುಪುಳಿ ಒಳ್ಳೆಯ ತಿರುಪುಳಿಯಲ್ಲ, ಮನೆಯಲ್ಲಿ ಯಾರೂ ಅದನ್ನು ಆರಿಸುವುದಿಲ್ಲ. ಉಪಕರಣದ ಪೆಟ್ಟಿಗೆಯಿಂದ ದೂರ ಇರುವವನಿಗೆ ಅದು ಬೇಕು. 1975ರಲ್ಲಿ ಅಮೆರಿಕದ ಎಂಜಿನಿಯರ್ ಟಿಮ್ ಲೆದರ್‌ಮನ್ ಹಳೇ ಫಿಯೆಟ್ ಕಾರಿನಲ್ಲಿ ಯುರೋಪು ಸುತ್ತುವಾಗ ಕಾರಿನ ರಿಪೇರಿಗೆ, ಹೋಟೆಲಿನ ಸೋರುವ ನಲ್ಲಿಗೆ ಜೇಬಿನ ಚಾಕು ಸಾಲದೆ, ಇದರಲ್ಲೊಂದು ಇಕ್ಕಳ ಇದ್ದಿದ್ದರೆ ಎಂದುಕೊಂಡರು. ಆ ಯೋಚನೆ ಪೇಟೆಂಟ್ ಪಡೆದದ್ದು 1980ರಲ್ಲಿ, ಮಾರಾಟಕ್ಕೆ ಬಂದದ್ದು 1983ರಲ್ಲಿ. ಎಂಟು ವರ್ಷ! ನಿಮ್ಮ ಮಾದರಿಯನ್ನು ಅಮ್ಮ ಬೇಡವೆಂದು ಎಷ್ಟು ತಿಂಗಳಾಯಿತು? ನಿಮ್ಮ ಮಣೆಯಾದರೋ ಅಡುಗೆ ಮನೆಯಲ್ಲೇ ಇರುವ ವಸ್ತು, ಕೈಗೆಟುಕುವ ದೂರದಲ್ಲಿ ನಿಜವಾದ ಚಾಕು, ತಟ್ಟೆ, ದೀಪ ಎಲ್ಲ ಇವೆ. ಅಲ್ಲಿ ಅರ್ಧಂಬರ್ಧ ಕೆಲಸ ಮಾಡುವ ಏಳು ಉಪಕರಣಕ್ಕೆ ಜಾಗ ಸಿಗುವುದು ಕಷ್ಟ.

ಇನ್ನು ಕಾನ್ಸೆಪ್ಟ್ ಡಿಸೈನ್. ಅದಕ್ಕೆ ಬೆಲೆ ಖಂಡಿತ ಇದೆ, ಅದು ಏನು ಎಂಬುದು ಮಾಡುವವರಿಗೆ ಸ್ಪಷ್ಟವಿದ್ದರೆ. ಕಾನ್ಸೆಪ್ಟ್ ಎಂದರೆ ಆಕಾರದಲ್ಲಿ ಕೇಳಿದ ಪ್ರಶ್ನೆ. ಗ್ರೀಸಿನ ಕಟೆರಿನಾ ಕಂಪ್ರಾನಿ ಬೆರಳಿನ ಕಡೆ ತೆರೆದಿರುವ ಮಳೆ ಬೂಟಿನಂಥ, ಬೇಕೆಂದೇ ಬಳಸಲಾಗದ ವಸ್ತುಗಳನ್ನು ಚಿತ್ರಿಸಿದ್ದಾರೆ. ನೋಡಿದ ಕೂಡಲೇ ಬೂಟಿನ ಮುಂಭಾಗ ನಮಗೆ ಇಷ್ಟು ದಿನ ಏನು ಉಪಕಾರ ಮಾಡುತ್ತಿತ್ತು ಎಂದು ಹೊಳೆಯುತ್ತದೆ. ಜಪಾನಿನ ಕೆಂಜಿ ಕವಕಾಮಿ ‘ಚಿಂದೋಗು’ ಎಂಬ ಪಂಥವನ್ನೇ ಕಟ್ಟಿದರು. ಒಂದು ಸಮಸ್ಯೆಗೆ ನಿಜವಾಗಿ ಪರಿಹಾರ ಕೊಡಬೇಕು, ಆದರೆ ಬಳಸಲು ಹೋದರೆ ಮುಜುಗರವಾಗಬೇಕು; ವಸ್ತುವನ್ನು ಮಾಡಿ ತೋರಿಸಬೇಕು, ಮಾರಬಾರದು, ಪೇಟೆಂಟ್ ಮಾಡಿಸಬಾರದು ಎಂಬುದು ಅದರ ನಿಯಮ. 1995ರಲ್ಲಿ ಇಂಗ್ಲಿಷಿಗೆ ಬಂದ ಅವರ ಸಂಗ್ರಹದಲ್ಲಿ ತನ್ನ ಫೋಟೊ ತಾನೇ ತೆಗೆದುಕೊಳ್ಳಲು ಕ್ಯಾಮೆರಾ ಸಿಕ್ಕಿಸಿದ ಕೋಲೂ ಇತ್ತು. ಮೊಬೈಲಿಗೆ ಮುಂದಿನ ಕ್ಯಾಮೆರಾ ಬಂದ ಮೇಲೆ ಅದು ನಂದಿ ಬೆಟ್ಟದ ಮೆಟ್ಟಿಲ ಮೇಲೂ ಕಂಡಿತು. ವಸ್ತು ಅದೇ, ಸುತ್ತಲಿನ ಬದುಕು ಬದಲಾಯಿತು. ಹಾಗಾಗಿ ಕಾನ್ಸೆಪ್ಟುಗಳನ್ನು ಬಿಡದೆ ಬರೆಯಿರಿ, ಪುಸ್ತಕ ತುಂಬಿಸಿ. ಕೆಟ್ಟದ್ದು ಒಂದೇ: ಪ್ರಶ್ನೆಯನ್ನು ಉತ್ತರವೆಂದು ತಿಳಿದು ಅಡುಗೆ ಮನೆಗೆ ಕಳಿಸುವುದು. ಮೆಚ್ಚುಗೆ ಒತ್ತಿದವರು ನಿಮ್ಮ ಚಿತ್ರವನ್ನು ಮೆಚ್ಚಿದರು, ಅದು ನಿಜವಾದ ಮೆಚ್ಚುಗೆಯೇ. ಅವರಲ್ಲಿ ಯಾರೂ ಮಣೆ ತೊಳೆದಿರಲಿಲ್ಲ.

ಕಾನ್ಸೆಪ್ಟನ್ನು ಬದುಕಿನ ಹತ್ತಿರ ತರುವ ದಾರಿಗೆ ನಾನು ಮಕ್ಕಳಿಗೆ ಸದಾ ಹೇಳುವುದು ನಾವೊತೊ ಫುಕಾಸಾವ ಎಂಬ ಜಪಾನಿ ಡಿಸೈನರ್ ಮಾಡಿದ ಛತ್ರಿಯ ಬಗ್ಗೆ. ಜನ ನಿಂತಲ್ಲಿ ಛತ್ರಿಯ ಹಿಡಿಗೆ ಕೈಚೀಲ ನೇತುಹಾಕುತ್ತಾರೆ, ಅದು ಜಾರುತ್ತದೆ. ಅವರು ಹಿಡಿಯಲ್ಲಿ ಒಂದು ಸಣ್ಣ ತಗ್ಗು ಮಾಡಿದರು, ಅಷ್ಟೇ. ಕೈ ಆಗಲೇ ಮಾಡುತ್ತಿದ್ದ ಎರಡನೇ ಕೆಲಸಕ್ಕೆ ಜಾಗ ಮಾಡಿಕೊಟ್ಟರು. ಹೊಸ ಕೆಲಸವನ್ನು ವಸ್ತುವಿಗೆ ಹೇರಲಿಲ್ಲ.

ಪೇಟೆಂಟ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. 1970ರ ಪೇಟೆಂಟ್ ಕಾಯ್ದೆಯ 3(ಎಫ್) ಕಲಮು, ಗೊತ್ತಿರುವ ಸಾಧನಗಳನ್ನು ಒಟ್ಟಿಗೆ ಜೋಡಿಸಿ ಅವು ತಮ್ಮ ಪಾಡಿಗೆ ತಾವು ಗೊತ್ತಿರುವ ರೀತಿಯಲ್ಲೇ ಕೆಲಸ ಮಾಡುತ್ತಿದ್ದರೆ ಅದನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಮಣೆ, ಡ್ರಾಯರ್, ದೀಪ ಸೇರಿದ ನಿಮ್ಮ ವಸ್ತು ಈಗಿರುವಂತೆ ಅದರೊಳಗೇ ಬರುತ್ತದೆ. ಸೇರಿಸಿದ್ದರಿಂದ ಹೊಸದೇನಾದರೂ ಹುಟ್ಟಬೇಕು, ಎಲ್ಸೆನರ್ ಸ್ಪ್ರಿಂಗಿನ ಹಾಗೆ. ನಿಮ್ಮ ಅಲಗಿನ ಕೀಲಿನಲ್ಲಿ ಅಂಥದ್ದೇನಾದರೂ ಇದ್ದರೆ ಅದನ್ನು ಮಾತ್ರ ಬೇರೆ ಮಾಡಿ ಪೇಟೆಂಟ್ ಏಜೆಂಟರಿಗೆ ತೋರಿಸಿ. ಮೊದಲು ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಬರೀ ರೂಪಕ್ಕೆ ರಕ್ಷಣೆ ಬೇಕಿದ್ದರೆ 2000ದ ಡಿಸೈನ್ ಕಾಯ್ದೆ ಇದೆ, ನೋಂದಣಿ ಕೋಲ್ಕತ್ತದಲ್ಲಿ. ಮೊದಲು 10 ವರ್ಷ, ನವೀಕರಿಸಿದರೆ ಇನ್ನೂ 5. ಆದರೆ ಅದು ಕಣ್ಣಿಗೆ ಕಾಣುವ ಆಕಾರವನ್ನಷ್ಟೇ ಕಾಯುತ್ತದೆ, ಕೆಲಸ ಮಾಡುವ ತತ್ವವನ್ನಲ್ಲ. ಎರಡಕ್ಕೂ ಒಂದು ಷರತ್ತು ಇದೆ: ಅರ್ಜಿಗೆ ಮೊದಲು ಲೋಕಕ್ಕೆ ತೋರಿಸಿರಬಾರದು. ನೀವು ಚಿತ್ರ ಹಾಕಿ ಆಗಿದೆ, ಆ ರೂಪಕ್ಕೆ ಈಗ ಹೊಸತನ ಹೇಳಿಕೊಳ್ಳುವುದು ಕಷ್ಟ. ಬೇಸರಪಡಬೇಡಿ, ಅದು ಹೇಗೂ ಬದಲಾಗಬೇಕಾದ ರೂಪ. ಮುಂದಿನದನ್ನು ಅರ್ಜಿ ಹಾಕುವವರೆಗೆ ಇನ್‌ಸ್ಟಾಗ್ರಾಮಿಗೂ ಬೇಡ, ವಾಟ್ಸ್ಆ್ಯಪ್ ಗುಂಪಿಗೂ ಬೇಡ.

ಮುಂದಿನದು ಯಾವುದು? ನನಗನಿಸುವುದು, ಅದು ನಿಮ್ಮ ಮನೆಯಲ್ಲಿ ಆಗಲೇ ಹುಟ್ಟಿದೆ. ಏಳು ಕೆಲಸದ ಮಣೆಯಿಂದ ಅಮ್ಮ ಒಂದು ಡ್ರಾಯರನ್ನು ಎಳೆದುಕೊಂಡರು ಎಂದು ಬೇಸರದಿಂದ ಬರೆದಿದ್ದೀರಿ. ನಾನು ಅದನ್ನು ಓದಿ ಎದ್ದು ಕೂತೆ. ಮನೆಯಲ್ಲಿ ಅಷ್ಟೊಂದು ಪಾತ್ರೆ, ಡಬ್ಬ, ಬುಟ್ಟಿ ಇರುವಾಗ ಅವರು ಅದನ್ನೇ ಏಕೆ ಆರಿಸಿದರು? ಅಳತೆ ಮಡಿಲಿಗೆ ಹೊಂದುತ್ತದೆಯೇ? ಅಂಚು ಗಿಡ್ಡವಾಗಿರುವುದರಿಂದ ಕೈ ಆಡುತ್ತದೆಯೇ? ಬೆಳ್ಳುಳ್ಳಿ ಬಿಡಿಸುವುದು ಕಟ್ಟೆಯ ಹತ್ತಿರ ನಿಂತೋ, ಟಿವಿ ಮುಂದೆ ಕೂತೋ, ಜಗಲಿಯಲ್ಲಿ ಪಕ್ಕದ ಮನೆಯವರ ಜೊತೆ ಮಾತಾಡುತ್ತಲೋ? ಸಿಪ್ಪೆ ಎಲ್ಲಿಗೆ ಹೋಗುತ್ತದೆ? ಅಡುಗೆ ಮನೆ ಎದ್ದು ನಿಂತರೂ ಅವರೆಕಾಯಿ ಸುಲಿಯುವುದು, ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಬಿಡಿಸುವುದು ಮಾತ್ರ ಇನ್ನೂ ಕೂತೇ ನಡೆಯುತ್ತಿದೆ, ಅದೂ ಅಡುಗೆ ಮನೆಯ ಹೊರಗೆ. ಆ ಹೊತ್ತಿಗೆ ನಮ್ಮಲ್ಲಿ ತನ್ನದೇ ಆದ ಒಂದು ವಸ್ತು ಇಲ್ಲ. ಮೊರ ಇತ್ತು, ಅದು ಹೋದ ಮೇಲೆ ನ್ಯೂಸ್ ಪೇಪರ್ ಹಾಸುತ್ತಾರೆ.

ಅವರನ್ನು ‘ಚೆನ್ನಾಗಿದೆಯಾ?’ ಎಂದು ಮಾತ್ರ ಕೇಳಬೇಡಿ. ಮಗನಿಗೆ ಯಾವ ತಾಯಿಯೂ ಚೆನ್ನಾಗಿಲ್ಲ ಅನ್ನುವುದಿಲ್ಲ. ಹದಿನೈದು ದಿನ ಸುಮ್ಮನೆ ನೋಡಿ. ಆಮೇಲೆ ರಟ್ಟು ಕತ್ತರಿಸಿ, ಮೈದಾ ಅಂಟು ಹಚ್ಚಿ ಅದೇ ಅಳತೆಯ ಎರಡು ಮೂರು ತಟ್ಟೆ ಮಾಡಿ: ಒಂದರಲ್ಲಿ ಮಧ್ಯೆ ಗೋಡೆ, ಒಂದರಲ್ಲಿ ಒಂದು ಕಡೆ ಇಳಿಜಾರು, ಒಂದು ಬರೀ ಬಯಲು. ಅಕ್ಕಪಕ್ಕದ ನಾಲ್ಕು ಮನೆಗೆ ಕೊಟ್ಟು ಬನ್ನಿ, ವಾರ ಬಿಟ್ಟು ಹೋಗಿ ನೋಡಿ. ಯಾವ ಮೂಲೆಯಲ್ಲಿ ಧೂಳು ಕೂತಿದೆಯೋ ಆ ಮೂಲೆಯನ್ನು ಅಳಿಸಿ. ಯಾವುದು ಒದ್ದೆಯಾಗಿ ಮೆತ್ತಗಾಗಿದೆಯೋ ಅದು ನಿತ್ಯ ತೊಳೆಸಿಕೊಂಡ ತಟ್ಟೆ, ಅದನ್ನು ಇಟ್ಟುಕೊಳ್ಳಿ.

ಸದ್ಯಕ್ಕೆ ಆ ಡ್ರಾಯರಿನ ಉದ್ದ, ಅಗಲ, ಅಂಚಿನ ಎತ್ತರ ಅಳೆದು, ಅಮ್ಮ ಅದನ್ನು ಎಲ್ಲಿ ಕೂತು ಬಳಸುತ್ತಾರೆ ಎಂಬುದನ್ನೂ ಸೇರಿಸಿ ನನಗೆ ಬರೆಯಿರಿ. ಆ ಪತ್ರಕ್ಕಾಗಿ ಕಾಯುತ್ತಿರುತ್ತೇನೆ.